ಅರಮನೆ ಕಟ್ಟಿದವರ ಬಾಕಿ

1704ರ ಆಗಸ್ಟ್ 13ರ ಸಂಜೆ. ಬವೇರಿಯಾದಲ್ಲಿ ಡ್ಯಾನ್ಯೂಬ್ ನದಿಯ ದಂಡೆಯ ಬ್ಲಿಂಡ್‌ಹೈಮ್ ಎಂಬ ಹಳ್ಳಿಯ ಬಳಿ ಫ್ರೆಂಚರ ದೊಡ್ಡ ಸೇನೆಯೊಂದು ಸೋತು ಚೆಲ್ಲಾಪಿಲ್ಲಿಯಾಗಿತ್ತು. ಗೆದ್ದ ಇಂಗ್ಲಿಷ್ ಸೇನಾಪತಿ, ಮಾರ್ಲ್‌ಬರೋದ ಡ್ಯೂಕ್ ಜಾನ್ ಚರ್ಚಿಲ್, ಹೆಂಡತಿ ಸಾರಾಳಿಗೆ ನಾಲ್ಕು ಸಾಲು ಗೀಚಿ ಕಳಿಸಿದ. ರಾಣಿಯ ಸೈನ್ಯ ಗೆದ್ದಿದೆ ಎಂಬ ಸುದ್ದಿಯನ್ನು ಅರಮನೆಗೆ ಮುಟ್ಟಿಸು ಎಂಬುದು ಅದರ ತಾತ್ಪರ್ಯ. ಬರೆಯಲು ಬೇರೆ ಕಾಗದವಿರಲಿಲ್ಲ. ಕೈಗೆ ಸಿಕ್ಕ ಹೆಂಡದಂಗಡಿಯ ಹಳೇ ಬಿಲ್ಲೊಂದರ ಹಿಂಬದಿಯಲ್ಲೇ ಆ ಸುದ್ದಿ ಲಂಡನ್ನಿಗೆ ಹೋಯಿತು.

ಆ ಗೆಲುವಿನ ನೆನಪಿಗೆ ಆಕ್ಸ್‌ಫರ್ಡ್ ಸಮೀಪದ ವುಡ್‌ಸ್ಟಾಕ್‌ನಲ್ಲಿ ಎದ್ದು ನಿಂತದ್ದೇ ಬ್ಲೆನಿಮ್ ಅರಮನೆ. ಜರ್ಮನ್ ಹಳ್ಳಿಯ ಹೆಸರು ಇಂಗ್ಲಿಷರ ಬಾಯಲ್ಲಿ ಹಾಗಾಯಿತು. 1874ರಲ್ಲಿ ವಿನ್‌ಸ್ಟನ್ ಚರ್ಚಿಲ್ ಹುಟ್ಟಿದ್ದು ಇಲ್ಲಿಯೇ. 1987ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಅದರ ಕಂಬ, ಕಮಾನು, ಚಿತ್ರಗಳ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ. ಕಲ್ಲು ಕೆತ್ತಿದವರು ತಮ್ಮ ಬಾಕಿಗಾಗಿ ಎಷ್ಟು ವರ್ಷ ಅಲೆದರು, ಕೊನೆಗೆ ಯಾವ ಕಾಗದ ಅವರನ್ನು ಕಾಪಾಡಿತು ಎಂಬ ಕಥೆ ಪ್ರವಾಸಿಗರ ಕಿವಿಗೆ ಬೀಳುವುದು ಕಡಿಮೆ.

ಮೊದಲು ಕೊಡುಗೆಯ ಸಂಗತಿ. ಆನ್ ರಾಣಿ ತನ್ನ ಸೇನಾಪತಿಗೆ ವುಡ್‌ಸ್ಟಾಕ್‌ನ ರಾಜ ಜಹಗೀರನ್ನು ಉಡುಗೊರೆ ಕೊಟ್ಟಳು. 1705ರಲ್ಲಿ ಪಾರ್ಲಿಮೆಂಟು ಅದಕ್ಕೊಂದು ಕಾಯ್ದೆ ಮಾಡಿತು. ಜಮೀನಿಗೆ ವಾರ್ಷಿಕ ಗೇಣಿಯೂ ಗೊತ್ತಾಯಿತು: ಪ್ರತಿ ವರ್ಷ ಆಗಸ್ಟ್ 13ರಂದು ವಿಂಡ್ಸರ್ ಅರಮನೆಗೆ ಫ್ರೆಂಚ್ ಬಾವುಟವೊಂದನ್ನು ಒಪ್ಪಿಸಬೇಕು. ಈ ಗೇಣಿ ಇಂದಿಗೂ ಸಲ್ಲುತ್ತಿದೆ. ಆದರೆ ಆ ಜಮೀನಿನ ಮೇಲೆ ಕಟ್ಟುವ ಮನೆಯ ಬಗ್ಗೆ ಕಾಯ್ದೆಯಲ್ಲಿ ಒಂದು ಮಾತೂ ಇರಲಿಲ್ಲ. ಮನೆ ತನ್ನ ಖರ್ಚಿನಲ್ಲಿ ಎಂದು ರಾಣಿ ಬಾಯಿಮಾತಿನಲ್ಲಿ ಹೇಳಿದ್ದಳು. ಅಂದಾಜು ಮೊತ್ತವೆಷ್ಟು, ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ, ಹೆಚ್ಚಾದರೆ ಯಾರು ಕೊಡಬೇಕು ಎಂಬುದೊಂದೂ ಬರಹಕ್ಕೆ ಇಳಿಯಲಿಲ್ಲ. ಅರಮನೆಯ ಮರದ ಮಾದರಿಯೊಂದನ್ನು ರಾಣಿಗೆ ತೋರಿಸಲಾಯಿತು, ಆಕೆ ಮೆಚ್ಚಿದಳು, ಕೆಲಸ ಶುರುವಾಯಿತು.

ವಾಸ್ತುಶಿಲ್ಪಿಯ ಆಯ್ಕೆಯೂ ಇಂಥದ್ದೇ ಉದಾರ ಮನಸ್ಸಿನಿಂದ ನಡೆದದ್ದು. ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಕಟ್ಟುತ್ತಿದ್ದ ಕ್ರಿಸ್ಟೊಫರ್ ರೆನ್ ಬರಲಿ ಎಂದು ಸಾರಾಳಿಗೆ ಆಸೆ. ಡ್ಯೂಕ್ ಮಾತ್ರ ಜಾನ್ ವ್ಯಾನ್‌ಬರೋನನ್ನು ಆರಿಸಿಕೊಂಡ. ಈತ ಹಿಂದೆ ಫ್ರಾನ್ಸಿನ ಬ್ಯಾಸ್ಟೀಲ್ ಸೆರೆಮನೆ ಕಂಡು ಬಂದವನು, ಲಂಡನ್ನಿನಲ್ಲಿ ಹೆಸರಾಂತ ನಾಟಕಕಾರ, ಕಟ್ಟಡ ವಿದ್ಯೆಯನ್ನು ಯಾರ ಬಳಿಯೂ ಕಲಿತವನಲ್ಲ. ಅವನ ಜೊತೆಗೆ ನಿಕೊಲಾಸ್ ಹಾಕ್ಸ್‌ಮೂರ್ ಎಂಬ ಪಳಗಿದ ಕೈ ಇದ್ದುದು ಅರಮನೆಯ ಅದೃಷ್ಟ.

1705ರ ಜೂನ್ 9ರಂದು, ಅಂದರೆ ಶಂಕುಸ್ಥಾಪನೆಗೆ ಒಂಬತ್ತು ದಿನ ಮೊದಲು, ಒಂದು ಅಧಿಕಾರಪತ್ರಕ್ಕೆ ಸಹಿ ಬಿತ್ತು. ಸಹಿ ಹಾಕಿದವನು ಸಿಡ್ನಿ ಗೊಡಾಲ್ಫಿನ್, ಇಂಗ್ಲೆಂಡಿನ ಖಜಾನೆಯ ಮುಖ್ಯಸ್ಥ. ವ್ಯಾನ್‌ಬರೋನನ್ನು ಕಾಮಗಾರಿಯ ಮೇಲ್ವಿಚಾರಕನನ್ನಾಗಿ ನೇಮಿಸಲಾಗಿದೆ, ಕೆಲಸಗಾರರ ಜೊತೆ ಕರಾರು ಮಾಡಿಕೊಳ್ಳುವ ಅಧಿಕಾರ ಅವನಿಗಿದೆ ಎಂಬುದು ಅದರ ಸಾರ. ಯಾರ ಪರವಾಗಿ? ಇಲ್ಲಿದೆ ಗಂಟು. ಹಣ ರಾಣಿಯ ಖಜಾನೆಯಿಂದ ಬರುವುದಿತ್ತು, ಸಹಿ ಹಾಕಿದವನು ಖಜಾನೆಯ ಯಜಮಾನ. ಆದರೆ ಪತ್ರದಲ್ಲಿ ಬರೆದದ್ದು ಮಾರ್ಲ್‌ಬರೋ ಡ್ಯೂಕನ ಕೋರಿಕೆಯ ಮೇರೆಗೆ, ಅವನ ಪರವಾಗಿ ಎಂದು. ಗೊಡಾಲ್ಫಿನ್ ಡ್ಯೂಕನ ಆಪ್ತಮಿತ್ರ ಮಾತ್ರವಲ್ಲ, ಬೀಗನೂ ಹೌದು: ಅವನ ಮಗನಿಗೆ ಡ್ಯೂಕನ ಮಗಳನ್ನು ಕೊಟ್ಟಿತ್ತು. ಡ್ಯೂಕ್ ಆಗ ಯುರೋಪಿನ ಯುದ್ಧಭೂಮಿಯಲ್ಲಿದ್ದ. ಬೀಗರ ನಡುವಿನ ಈ ಕಾಗದ ಮುಂದೆ ಏನು ಮಾಡೀತು ಎಂದು ಆ ದಿನ ಯಾರೂ ಯೋಚಿಸಿದಂತಿಲ್ಲ.

ಕಾಮಗಾರಿ ಜೋರಾಗಿ ಸಾಗಿತು. ಸಮೀಪದ ಗಣಿಗಳ ಕಲ್ಲು ಸಾಲದೆ ಟೇಂಟನ್, ಬರ್ಫರ್ಡ್ ಕಡೆಯ ಗಣಿಗಳಿಂದ ಗಾಡಿಗಳಲ್ಲಿ ಕಲ್ಲು ಬಂತು. ದೊಡ್ಡ ಮೇಸ್ತ್ರಿಗಳು ಲಂಡನ್ನಿನಿಂದ ಬಂದರು. ಅವರಲ್ಲಿ ಮುಖ್ಯರು ಎಡ್ವರ್ಡ್ ಸ್ಟ್ರಾಂಗ್ ಎಂಬ ಒಂದೇ ಹೆಸರಿನ ತಂದೆ-ಮಗ. ಇಬ್ಬರೂ ಸೇಂಟ್ ಪಾಲ್ಸ್‌ನಲ್ಲಿ ಕೆಲಸ ಮಾಡಿದ ಕಲ್ಲುಕೆಲಸದ ಮೇಸ್ತ್ರಿಗಳು. ಮರಗೆತ್ತನೆಗೆ, ಕಲ್ಲಿನ ಅಲಂಕಾರಕ್ಕೆ ಗ್ರಿನ್ಲಿಂಗ್ ಗಿಬನ್ಸ್‌ನಂಥ ಕಲಾವಿದನಿದ್ದ.

ಆ ಕಾಲದ ಗುತ್ತಿಗೆಯ ರೀತಿ ನಮ್ಮವರಿಗೆ ಅಪರಿಚಿತವೇನಲ್ಲ. ಮೇಸ್ತ್ರಿ ಅಡಿಗಿಷ್ಟು ಎಂದು ದರ ಒಪ್ಪಿಕೊಳ್ಳುತ್ತಾನೆ. ಕೆಲಸ ಆದಂತೆ ಅಳತೆಯಾಗುತ್ತದೆ, ಅಳತೆಯ ಮೇಲೆ ಬಿಲ್ಲು, ಬಿಲ್ಲಿನ ಮೇಲೆ ಹಣ. ನಮ್ಮ ಲೋಕೋಪಯೋಗಿ ಇಲಾಖೆಯ ‘ಎಂ.ಬಿ.’ ಅರ್ಥಾತ್ ಅಳತೆ ಪುಸ್ತಕದ ಹಿಂದಿರುವುದೂ ಇದೇ ಲೆಕ್ಕಾಚಾರ. ಇದರಲ್ಲಿ ಒಂದು ಅಪಾಯ ಅಡಗಿದೆ. ಬಿಲ್ಲಿನ ಹಣ ತಡವಾದರೂ ಮೇಸ್ತ್ರಿ ತನ್ನ ಕೈಕೆಳಗಿನ ಆಳುಗಳಿಗೆ ಕೂಲಿ ಕೊಡಲೇಬೇಕು, ಗಣಿಯವನಿಗೂ ಗಾಡಿಯವನಿಗೂ ಕೊಡಲೇಬೇಕು. ಕಟ್ಟಿಸುವವನಿಗೆ ಮೇಸ್ತ್ರಿಯೇ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗಾಗುತ್ತದೆ. ಬ್ಲೆನಿಮ್‌ನಲ್ಲಿ ಆದದ್ದು ಹೀಗೆಯೇ. ಖಜಾನೆಯಿಂದ ಹಣ ಬರುತ್ತಿತ್ತು, ಆದರೆ ಕೆಲಸದ ಓಟಕ್ಕೆ ಸಮನಾಗಿ ಬರುತ್ತಿರಲಿಲ್ಲ. ವರ್ಷ ವರ್ಷಕ್ಕೆ ಬಾಕಿ ಏರುತ್ತ ಹೋಯಿತು.

ಅಷ್ಟರಲ್ಲಿ ಅರಮನೆಯ ಒಳಗಿನ ಗಾಳಿ ತಿರುಗಿತು. ಸಾರಾ ರಾಣಿಯ ಬಾಲ್ಯದ ಗೆಳತಿ. ಅಂತಸ್ತಿನ ಭೇದ ಬೇಡವೆಂದು ಇಬ್ಬರೂ ಪತ್ರಗಳಲ್ಲಿ ‘ಮಿಸೆಸ್ ಮಾರ್ಲೆ’, ‘ಮಿಸೆಸ್ ಫ್ರೀಮನ್’ ಎಂಬ ಸಾಮಾನ್ಯ ಹೆಸರಿಟ್ಟುಕೊಂಡು ಬರೆಯುತ್ತಿದ್ದರು. ಆದರೆ ಸಾರಾಳ ನಾಲಿಗೆ ಹರಿತ. ರಾಜಕೀಯದಲ್ಲೂ ಇಬ್ಬರದು ಬೇರೆ ಬೇರೆ ಪಕ್ಷ. 1710ರ ಏಪ್ರಿಲ್‌ನಲ್ಲಿ ಕೆನ್ಸಿಂಗ್ಟನ್ ಅರಮನೆಯಲ್ಲಿ ನಡೆದ ಭೇಟಿಯೇ ಅವರ ಕೊನೆಯ ಭೇಟಿಯಾಯಿತು. ಅದೇ ವರ್ಷ ಗೊಡಾಲ್ಫಿನ್ ಅಧಿಕಾರ ಕಳೆದುಕೊಂಡ. 1711ರ ಆರಂಭದಲ್ಲಿ ಸಾರಾಳ ಹುದ್ದೆಗಳು ಹೋದವು. ಆಕೆ ಸರಕಾರಿ ನಿವಾಸ ಬಿಟ್ಟು ಹೋಗುವಾಗ ಬಾಗಿಲ ಬೀಗಗಳನ್ನೂ ಕಿತ್ತುಕೊಂಡು ಹೋದಳಂತೆ. ಅವಳು ನನ್ನ ಮನೆ ಕೀಳುತ್ತಿರುವಾಗ ನಾನೇಕೆ ಅವಳ ಗಂಡನಿಗೆ ಮನೆ ಕಟ್ಟಿಸಲಿ ಎಂದು ರಾಣಿ ಹೇಳಿದಳೆಂಬ ಕಥೆ ಆಗಲೇ ಹರಡಿತ್ತು. 1711 ಮುಗಿಯುವ ಹೊತ್ತಿಗೆ ಡ್ಯೂಕನ ಸೇನಾಪತ್ಯವೂ ಹೋಯಿತು. 1712ರ ಬೇಸಿಗೆಯಲ್ಲಿ ರಾಣಿ ಕಾಮಗಾರಿ ನಿಲ್ಲಿಸಿದಳು. ಆ ಹೊತ್ತಿಗೆ ಖರ್ಚಾಗಿದ್ದ ಹಣ ಸುಮಾರು 2,20,000 ಪೌಂಡ್. ಕೆಲಸಗಾರರಿಗೆ ಬಾಕಿ 45,000 ಪೌಂಡ್.

ಈ ಬಾಕಿ ಯಾರದ್ದು? ರಾಣಿಯ ಕಡೆಯವರು ಇನ್ನು ಕೊಡುವುದಿಲ್ಲ ಎಂದರು. ಡ್ಯೂಕ್ ದಂಪತಿ, ಮನೆ ರಾಣಿಯ ಕೊಡುಗೆ, ನಮಗೇನು ಸಂಬಂಧ ಎಂದರು. ಡ್ಯೂಕ್ ಈ ವಿಷಯದಲ್ಲಿ ಮೊದಲಿನಿಂದಲೂ ಜಾಗರೂಕ. ಗೊಡಾಲ್ಫಿನ್ ಬಿದ್ದಾಗಲೇ ಆತ ಹೆಂಡತಿಗೆ ಪತ್ರ ಬರೆದು ಎಚ್ಚರಿಸಿದ್ದ: ಅದು ರಾಣಿಯ ಕಟ್ಟಡ, ಅದರ ಬಗ್ಗೆ ನೀನಾಗಲೀ ನಾನಾಗಲೀ ಅಪ್ಪಣೆ ಕೊಡುವುದು ತರವಲ್ಲ ಎಂದು. ಒಂದು ಅಪ್ಪಣೆ ಕೊಟ್ಟರೆ ಮಾಲೀಕತ್ವ ಒಪ್ಪಿಕೊಂಡ ಹಾಗೆ, ಮಾಲೀಕತ್ವ ಒಪ್ಪಿಕೊಂಡರೆ ಸಾಲವೂ ತಲೆಗೆ ಬಂದ ಹಾಗೆ. ಸ್ವಂತ ಮನೆಯ ಬಗ್ಗೆ ಬಾಯಿ ಮುಚ್ಚಿಕೊಂಡಿರುವುದೇ ಅವನಿಗೆ ಕಂಡ ಉಪಾಯ. ಯುದ್ಧತಂತ್ರದಲ್ಲಿ ಸೋಲು ಕಾಣದವನ ಲೆಕ್ಕಾಚಾರ ಇದು.

ಡ್ಯೂಕ್ ದಂಪತಿ ದೇಶ ಬಿಟ್ಟು ಯುರೋಪಿಗೆ ಹೋದರು. 1714ರ ಆಗಸ್ಟ್ 1ರಂದು ರಾಣಿ ತೀರಿಕೊಂಡಳು. ದಂಪತಿ ಅದೇ ಸಮಯಕ್ಕೆ ಹಿಂತಿರುಗಿದರು. ಹೊಸ ಅರಸ ಒಂದನೆಯ ಜಾರ್ಜನ ಸರಕಾರ ಅವರಿಗೆ ಅನುಕೂಲವಾಗಿತ್ತು, ತೀರಿಹೋದ ರಾಣಿಯ ಸಾಲಗಳ ಜೊತೆ ಅರಮನೆಯ ಬಾಕಿಯನ್ನೂ ಸೇರಿಸಿ ನೋಡಲು ಒಪ್ಪಿತು. ಆದರೆ ಕೆಲಸಗಾರರ ಕೈಗೆ ಬಂದದ್ದು ಸುಮಾರು ಮೂರನೆಯ ಒಂದು ಭಾಗ. ಹೀಗೆ ಸರಕಾರ ಬಾಕಿಯನ್ನು ಒಪ್ಪಿಕೊಂಡು ಅರೆಬರೆ ಕೊಟ್ಟು ಸುಮ್ಮನಾದಾಗ ಸಾಲಗಾರನ ಪಾಡು, ಪೂರ್ತಿ ನಿರಾಕರಿಸಿದ್ದಕ್ಕಿಂತ ಕಷ್ಟದ್ದು. ಅರಸನ ಮೇಲೆ ನೇರವಾಗಿ ದಾವೆ ಹೂಡುವ ದಾರಿ ಅಂದಿನ ಕಾನೂನಿನಲ್ಲಿ ಸಲೀಸಾಗಿರಲಿಲ್ಲ, ಅರಸನ ಅನುಮತಿ ಬೇಡಿಯೇ ಅರಸನನ್ನು ಕೇಳಬೇಕಿತ್ತು.

1716ರಲ್ಲಿ ಡ್ಯೂಕ್ ತನ್ನ ಖರ್ಚಿನಲ್ಲೇ ಕೆಲಸ ಮುಂದುವರಿಸಿದ. ಅದೇ ವರ್ಷ ಅವನಿಗೆ ಲಕ್ವ ಹೊಡೆಯಿತು. ಯಜಮಾನಿಕೆ ಸಾರಾಳ ಕೈಗೆ ಬಂತು. ಆಕೆ ದುಡ್ಡಿನ ವಿಷಯದಲ್ಲಿ ಬಲು ಬಿಗಿ. ಪಾರ್ಕಿನಲ್ಲೇ ಸುಣ್ಣ ಸುಡಬಹುದಾಗಿರುವಾಗ ಅದಕ್ಕೆ ಬುಶೆಲಿಗೆ ಏಳೂವರೆ ಪೆನ್ನಿ ಯಾಕೆ ಎಂದು ತಕರಾರು ತೆಗೆದವಳು. ಮೇಸ್ತ್ರಿಗಳಿಗೆ ರಾಣಿಯ ಕಾಲದ ದರ ಕೊಡಲು ಆಕೆ ಒಪ್ಪಲಿಲ್ಲ. ಖಜಾನೆ ತಡವಾಗಿ ಕೊಡುತ್ತದೆಂದು ಮೇಸ್ತ್ರಿಗಳು ದರ ಏರಿಸಿಯೇ ಹೇಳುತ್ತಿದ್ದರು, ನಗದು ಕೊಡುವ ಖಾಸಗಿಯವರಿಗೆ ದರ ಇಳಿಯಬೇಕು ಎಂಬುದು ಆಕೆಯ ವಾದ. ವಾದದಲ್ಲಿ ಹುರುಳಿಲ್ಲದಿಲ್ಲ. ಈಗಲೂ ಬಿಲ್ಲು ತಡವಾಗುವ ಇಲಾಖೆಯ ಟೆಂಡರಿಗೆ ದರ ಹೆಚ್ಚು ಬೀಳುವುದನ್ನು ಗುತ್ತಿಗೆದಾರರೇ ಹೇಳುತ್ತಾರೆ. ಗಿಬನ್ಸ್ ಮೊದಲಾದವರು ಇಳಿಸಿದ ದರಕ್ಕೆ ಮತ್ತೆ ಬರಲಿಲ್ಲ. 1716ರ ನವೆಂಬರಿನಲ್ಲಿ ವ್ಯಾನ್‌ಬರೋ ಕೂಡ ಸಿಟ್ಟಿನಿಂದ ಕೆಲಸ ಬಿಟ್ಟು ನಡೆದ.

ಹಳೆಯ ಬಾಕಿ ಹಾಗೆಯೇ ಇತ್ತು. 1718ರಲ್ಲಿ ಸ್ಟ್ರಾಂಗ್ ತಂದೆ-ಮಗ ಎಕ್ಸ್‌ಚೆಕರ್ ನ್ಯಾಯಾಲಯದಲ್ಲಿ ಡ್ಯೂಕನ ಮೇಲೆ ದಾವೆ ಹಾಕಿದರು. ಕೇಳಿದ ಮೊತ್ತ ಏಳು ಸಾವಿರ ಪೌಂಡ್ ಮೀರಿತ್ತು. ಕಲ್ಲುಕೆಲಸದ ಮೇಸ್ತ್ರಿಗಳು ದೇಶದ ಅತಿ ಪ್ರಸಿದ್ಧ ಸೇನಾನಿಯನ್ನು ಕೋರ್ಟಿಗೆಳೆಯುವುದು ಸಣ್ಣ ಎದೆಗಾರಿಕೆಯಲ್ಲ.

ವಿಚಾರಣೆಯಲ್ಲಿ ಕಲ್ಲಿನ ಗುಣಮಟ್ಟ, ಅಳತೆಯ ತಪ್ಪು ಯಾವುದೂ ದೊಡ್ಡ ಪ್ರಶ್ನೆಯಾಗಲಿಲ್ಲ. ಕೆಲಸ ಆಗಿದೆ ಎಂಬುದನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ, ಅರಮನೆ ಕಣ್ಣೆದುರೇ ನಿಂತಿತ್ತು. ಪ್ರಶ್ನೆಯಿದ್ದದ್ದು ಒಂದೇ: ಕಟ್ಟು ಎಂದು ಹೇಳಿದವರು ಯಾರು? ಇದಕ್ಕೆ ಉತ್ತರವಾಗಿ ಹದಿಮೂರು ವರ್ಷ ಹಳೆಯದಾದ ಗೊಡಾಲ್ಫಿನ್‌ನ ಅಧಿಕಾರಪತ್ರ ಹೊರಬಂತು. ಗೊಡಾಲ್ಫಿನ್ 1712ರಲ್ಲೇ ತೀರಿಕೊಂಡಿದ್ದ, ಅವನನ್ನು ಕೇಳುವಂತಿರಲಿಲ್ಲ. ಆದರೆ ಕಾಗದದಲ್ಲಿ ‘ಡ್ಯೂಕನ ಪರವಾಗಿ’ ಎಂಬ ಮಾತಿತ್ತು. ಆ ಕಾಗದದ ಬಲದ ಮೇಲೆ ವ್ಯಾನ್‌ಬರೋ ಕರಾರು ಮಾಡಿದ್ದ, ಆ ಕರಾರಿನ ಮೇಲೆ ಮೇಸ್ತ್ರಿಗಳು ಕಲ್ಲು ಕೆತ್ತಿದ್ದರು. ಡ್ಯೂಕನೇ ಹೊಣೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಡ್ಯೂಕ್ ಹೌಸ್ ಆಫ್ ಲಾರ್ಡ್ಸ್‌ಗೆ ಮೇಲ್ಮನವಿ ಹೋದ. ಆತ ಸ್ವತಃ ಸದಸ್ಯನಾಗಿದ್ದ ಸಭೆ ಅದು. 1721ರ ಮೇ ತಿಂಗಳಲ್ಲಿ ಲಾರ್ಡ್ಸ್ ಅವನ ಮನವಿಯನ್ನು ತಳ್ಳಿಹಾಕಿತು. ಅಪ್ಪಣೆ ಕೊಡಬಾರದೆಂದು ಹತ್ತು ವರ್ಷ ಬಾಯಿ ಬಿಗಿಹಿಡಿದವನನ್ನು ಬೀಗ ಹಾಕಿದ ಒಂದು ಸಹಿ ಹಿಡಿದುಹಾಕಿತು.

ಸಾರಾ ಸುಮ್ಮನಾಗುವವಳಲ್ಲ. ಸೋತ ವರ್ಷವೇ ಆಕೆ ಚಾನ್ಸರಿ ನ್ಯಾಯಾಲಯದಲ್ಲಿ ಹೊಸ ದಾವೆ ಹೂಡಿಸಿದಳು. ವ್ಯಾನ್‌ಬರೋನಿಂದ ಹಿಡಿದು 1705ರಿಂದ ಕೆಲಸ ಮಾಡಿದ ನಾಲ್ಕುನೂರಕ್ಕೂ ಹೆಚ್ಚು ಮಂದಿ ಅದರಲ್ಲಿ ಪ್ರತಿವಾದಿಗಳು! ಎಲ್ಲರೂ ಸೇರಿ ಡ್ಯೂಕನ ತಲೆಗೆ ಸಾಲ ಕಟ್ಟಲು ಒಳಸಂಚು ಮಾಡಿದ್ದಾರೆ ಎಂಬುದು ಆರೋಪ. ಬಾಕಿ ಕೇಳಿದವರೇ ಆರೋಪಿಗಳಾಗಿ ನಿಲ್ಲಬೇಕಾಯಿತು. ಕೂಲಿಯವನೊಬ್ಬ ಲಂಡನ್ನಿನ ವಕೀಲನಿಗೆ ಫೀಸು ಕೊಟ್ಟು ತಾನು ಸಂಚುಗಾರನಲ್ಲವೆಂದು ಹೇಳಿಸಬೇಕೆಂದರೆ ಅದರ ಕಷ್ಟವನ್ನು ಊಹಿಸಿಕೊಳ್ಳಬಹುದು. ವ್ಯಾನ್‌ಬರೋ ಡ್ಯೂಕನಿಂದ ಸಂಬಳದ ಬಾಕಿ ಪಡೆಯದಂತೆ ತಡೆಯಾಜ್ಞೆಯೂ ಆಯಿತು. ಅದನ್ನು ಕೊಟ್ಟ ಲಾರ್ಡ್ ಚಾನ್ಸಲರ್ ಮ್ಯಾಕ್ಲ್ಸ್‌ಫೀಲ್ಡ್ 1725ರಲ್ಲಿ ಲಂಚದ ಆರೋಪ ಸಾಬೀತಾಗಿ 30,000 ಪೌಂಡ್ ದಂಡ ತೆತ್ತನೆಂಬುದು ಬೇರೆ ವಿಷಯ.

ವ್ಯಾನ್‌ಬರೋ ಕೊನೆಗೆ ಪ್ರಧಾನಿ ರಾಬರ್ಟ್ ವಾಲ್ಪೋಲನ ನೆರವಿನಿಂದ ತನ್ನ ಹಣ ಪಡೆದುಕೊಂಡ. ಡಚೆಸ್‌ಳ ಹಲ್ಲಿನ ನಡುವಿನಿಂದ ಕಿತ್ತು ತಂದೆ ಎಂಬ ಧಾಟಿಯಲ್ಲಿ ಗೆಳೆಯನಿಗೆ ಪತ್ರ ಬರೆದ. 1725ರಲ್ಲಿ ಹೆಂಡತಿ ಹಾಗೂ ಸ್ನೇಹಿತರೊಡನೆ ತಾನು ಕಟ್ಟಿದ ಅರಮನೆ ನೋಡಲು ಹೋದಾಗ ಅವನನ್ನು ಒಳಗೆ ಬಿಡಬಾರದೆಂದು ಕಾವಲುಗಾರರಿಗೆ ಆಜ್ಞೆಯಾಗಿತ್ತು. ಅವನ ಹೆಂಡತಿಗೂ ಪ್ರವೇಶವಿರಲಿಲ್ಲ. ಮರುವರ್ಷ ಅವನು ತೀರಿಕೊಂಡ. ಡ್ಯೂಕ್ 1722ರಲ್ಲೇ ಸತ್ತಿದ್ದ, ಅರಮನೆ ಮುಗಿಸಲೆಂದು ಉಯಿಲಿನಲ್ಲಿ 50,000 ಪೌಂಡ್ ಬಿಟ್ಟು ಹೋಗಿದ್ದ.

ಕಟ್ಟು ಎಂದವರು ಯಾರು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ ಭಾರತದ ಸರಕಾರಿ ಗುತ್ತಿಗೆಗಳಿಗೆ ಅದಕ್ಕೊಂದು ಬಿಗಿಯಾದ ಉತ್ತರ ಬರೆಯಲಾಯಿತು. 1935ರ ಗವರ್ನಮೆಂಟ್ ಆಫ್ ಇಂಡಿಯಾ ಕಾಯ್ದೆಯ ಪ್ರಕಾರ ಪ್ರಾಂತೀಯ ಸರಕಾರದ ಕರಾರು ಗವರ್ನರ್ ಹೆಸರಿನಲ್ಲೇ ಇರಬೇಕು, ಅಧಿಕಾರ ಪಡೆದವನೇ ಸಹಿ ಹಾಕಬೇಕು. ಸಂವಿಧಾನದ 299ನೇ ವಿಧಿಯಲ್ಲಿ ಅದೇ ನಿಯಮ ಉಳಿದಿದೆ. ಕರ್ನಾಟಕದಲ್ಲಿ ಒಂದು ರಸ್ತೆಯ ಕರಾರಿಗೆ ಎಕ್ಸಿಕ್ಯುಟಿವ್ ಎಂಜಿನಿಯರ್ ರಾಜ್ಯಪಾಲರ ಪರವಾಗಿ ಸಹಿ ಮಾಡುವುದು ಈ ಕಾರಣಕ್ಕೆ. ಗೊಡಾಲ್ಫಿನ್‌ನಂಥ ಗೊಂದಲ ಇರಬಾರದು, ಸಾರ್ವಜನಿಕರ ಹಣಕ್ಕೆ ಯಾರೋ ಒಬ್ಬ ಅಧಿಕಾರಿಯ ಬಾಯಿಮಾತು ಹೊಣೆ ತರಬಾರದು ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಅಧಿಕಾರಿಯ ಮಾತು ನಂಬಿ ಕೆಲಸ ಮುಗಿಸಿದವನ ಗತಿ?

1944ರಲ್ಲಿ, ಮಹಾಕ್ಷಾಮದ ಮರುವರ್ಷ, ಬಂಗಾಳದ ಹೂಗ್ಲಿ ಜಿಲ್ಲೆಯ ಆರಾಮ್‌ಬಾಗ್‌ನಲ್ಲಿ ಇಂಥದ್ದೇ ಪ್ರಕರಣ ನಡೆಯಿತು. ನಾಗರಿಕ ಪೂರೈಕೆ ಇಲಾಖೆಯ ಗೋದಾಮು ಕಟ್ಟಿ ಹಣ ಪಡೆದಿದ್ದ ಬಿ.ಕೆ. ಮಂಡಲ್ ಅಂಡ್ ಸನ್ಸ್ ಎಂಬ ಸಂಸ್ಥೆಗೆ ಅಲ್ಲಿನ ಅಧಿಕಾರಿಗಳು ಮತ್ತಷ್ಟು ಕೆಲಸ ಹೇಳಿದರು. ಒಂದು ಕಚ್ಚಾ ರಸ್ತೆ, ಕಾವಲುಗಾರನ ಕೊಠಡಿ, ಕಚೇರಿ, ಅಡುಗೆಮನೆ, ಗುಮಾಸ್ತರ ಕೊಠಡಿ. ಬಳಿಕ ಖಾನಾಕುಲ್‌ನಲ್ಲಿ ಕೆಲವು ಶೆಡ್ಡುಗಳು. ತುರ್ತು ಕಾಲ, ಕೆಲಸ ಆಯಿತು, ಇಲಾಖೆ ಬಳಸಿಕೊಂಡೂ ಆಯಿತು. ಬಿಲ್ಲು ಸುಮಾರು 19,325 ರೂಪಾಯಿ. ಹಣ ಕೇಳಿದಾಗ ಸರಕಾರ, ಗವರ್ನರ್ ಹೆಸರಿನಲ್ಲಿ ಕರಾರೇ ಇಲ್ಲ, ಆ ಅಧಿಕಾರಿಗಳಿಗೆ ಹೇಳುವ ಅಧಿಕಾರವೂ ಇರಲಿಲ್ಲ ಎಂದಿತು. ಬ್ಲೆನಿಮ್‌ನಲ್ಲಿ ಮೇಸ್ತ್ರಿಗಳ ಕೈಗೆ ಒಂದು ಕಾಗದವಾದರೂ ಸಿಕ್ಕಿತ್ತು. ಇಲ್ಲಿ ಕಾನೂನು ಒಪ್ಪುವ ಕಾಗದವೇ ಇಲ್ಲ.

ಪ್ರಕರಣ ಕಲ್ಕತ್ತಾ ಹೈಕೋರ್ಟನ್ನು ದಾಟಿ ಸುಪ್ರೀಂ ಕೋರ್ಟಿಗೆ ಬಂತು. ಹೈಕೋರ್ಟಿನಲ್ಲಿ ಗುತ್ತಿಗೆದಾರ ಗೆದ್ದಿದ್ದ, ಮೇಲ್ಮನವಿ ತಂದದ್ದು ಪಶ್ಚಿಮ ಬಂಗಾಳ ಸರಕಾರ. 1961ರ ಡಿಸೆಂಬರಿನಲ್ಲಿ ತೀರ್ಪು ಬಂತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಅವರು ಕರಾರು ಸಿಂಧುವಲ್ಲ ಎಂಬ ಸರಕಾರದ ಮಾತನ್ನು ಒಪ್ಪಿದರು. ಹಾಗೆಂದು ಹಣ ಕೊಡಬೇಕಿಲ್ಲ ಎಂಬ ಮಾತನ್ನು ಒಪ್ಪಲಿಲ್ಲ. 1872ರ ಕರಾರು ಕಾಯ್ದೆಯ 70ನೇ ಸೆಕ್ಷನ್ನಿನಂತೆ, ಒಬ್ಬ ನ್ಯಾಯವಾದ ರೀತಿಯಲ್ಲಿ, ಪುಕ್ಕಟೆ ಎಂಬ ಉದ್ದೇಶವಿಲ್ಲದೆ ಮಾಡಿಕೊಟ್ಟ ಕೆಲಸದ ಲಾಭವನ್ನು ಇನ್ನೊಬ್ಬ ಉಂಡರೆ ಅವನು ಪರಿಹಾರ ಕೊಡಬೇಕು. ಬೇಡವಾಗಿದ್ದರೆ ಸರಕಾರ ಆ ಕಟ್ಟಡಗಳನ್ನು ನಿರಾಕರಿಸಬಹುದಿತ್ತು. ನಿರಾಕರಿಸದೆ ಒಳಗೆ ಕುಳಿತು ಕಚೇರಿ ನಡೆಸಿದ ಮೇಲೆ ಹಣ ಕೊಡದೆ ವಿಧಿಯಿಲ್ಲ. ಗುತ್ತಿಗೆದಾರ ಗೆದ್ದ, ಹದಿನೇಳು ವರ್ಷಗಳ ಬಳಿಕ. ‘ಮೊದಲು ಕೆಲಸ ಮುಗಿಸಿ, ಎಸ್ಟಿಮೇಟು ಆಮೇಲೆ ಸರಿ ಮಾಡೋಣ’ ಎಂಬ ಅಧಿಕಾರಿಯ ಮಾತು ಕೇಳಿ ಕೈಸುಟ್ಟುಕೊಂಡವರಿಗೆ ಈ ತೀರ್ಪು ಇಂದಿಗೂ ಆಸರೆ.

ಹದಿನೇಳು ವರ್ಷ ಎಂಬುದೇ ನಿಜವಾದ ತೊಡಕು. ಕೋರ್ಟಿನ ಅಲೆದಾಟ ಬೇಡವೆಂದು ಗುತ್ತಿಗೆಗಳಲ್ಲಿ ಪಂಚಾಯ್ತಿ ಅಥವಾ ಮಧ್ಯಸ್ಥಿಕೆಯ ಷರತ್ತು ಬಂತು, 1940ರಲ್ಲಿ ಅದಕ್ಕೊಂದು ಕಾಯ್ದೆಯೂ ಬಂತು. ಆದರೆ ಮಧ್ಯಸ್ಥರ ತೀರ್ಪನ್ನು ಮತ್ತೆ ಕೋರ್ಟಿಗೆ ಒಯ್ಯುವುದು ರೂಢಿಯಾಯಿತು. 1981ರಲ್ಲಿ ದೆಹಲಿಯ ಕಟ್ಟಡವೊಂದರ ಗುತ್ತಿಗೆ ವ್ಯಾಜ್ಯದಲ್ಲೇ ನ್ಯಾಯಮೂರ್ತಿ ಡಿ.ಎ. ದೇಸಾಯಿ ಅವರು ಆ ಕಾಯ್ದೆ ನಡೆಯುತ್ತಿದ್ದ ರೀತಿಗೆ ತೀರ್ಪಿನಲ್ಲೇ ಬೇಸರ ತೋಡಿಕೊಂಡರು. 1996ರಲ್ಲಿ ಹೊಸ ಕಾಯ್ದೆ ಬಂತು. ಅದೇ ವರ್ಷ ಬ್ರಿಟನ್ ಬೇರೊಂದು ದಾರಿ ಹಿಡಿಯಿತು. 1994ರ ಲೇಥಮ್ ವರದಿಯ ಆಧಾರದಲ್ಲಿ ಮಾಡಿದ, 1998ರ ಮೇ 1ರಿಂದ ಜಾರಿಯಾದ ಅಲ್ಲಿನ ಕಾಯ್ದೆಯ ಪ್ರಕಾರ ಗುತ್ತಿಗೆದಾರ ಯಾವಾಗ ಬೇಕಾದರೂ ತನ್ನ ತಕರಾರನ್ನು ನಿರ್ಣಾಯಕನೊಬ್ಬನ ಮುಂದೆ ಇಡಬಹುದು. ಆತ 28 ದಿನಗಳಲ್ಲಿ ಹೇಳಿದ್ದನ್ನು ಮೊದಲು ಪಾಲಿಸಬೇಕು, ಹಣ ಕೊಟ್ಟ ಮೇಲೆ ಬೇಕಾದರೆ ಕೋರ್ಟಿಗೆ ಹೋಗಬಹುದು. ಮೇಲಿನವರಿಂದ ಹಣ ಬಂದರೆ ಮಾತ್ರ ಕೆಳಗಿನವರಿಗೆ ಕೊಡುತ್ತೇನೆ ಎಂಬ ಷರತ್ತಿಗೂ ಅಲ್ಲಿ ಬಹುಮಟ್ಟಿಗೆ ತಡೆ ಬಿತ್ತು.

ಭಾರತದಲ್ಲಿ ಅಂಥ ಕಾಯ್ದೆ ಬಂದಿಲ್ಲ. 2016ರ ಆಗಸ್ಟ್ 31ರಂದು ಕೇಂದ್ರ ಸಂಪುಟ ಸಮಿತಿ ಒಂದು ತೀರ್ಮಾನ ಮಾಡಿತು: ಮಧ್ಯಸ್ಥರು ಗುತ್ತಿಗೆದಾರನ ಪರ ತೀರ್ಪು ಕೊಟ್ಟು ಸರಕಾರಿ ಸಂಸ್ಥೆ ಅದನ್ನು ಪ್ರಶ್ನಿಸಿದ್ದರೆ, ಬ್ಯಾಂಕ್ ಗ್ಯಾರಂಟಿ ಪಡೆದು ಮೊತ್ತದ ಶೇ 75ರಷ್ಟನ್ನು ಮೊದಲೇ ಕೊಡಬೇಕು. 2021ರಲ್ಲಿ ಇದು ಕೇಂದ್ರದ ಹಣಕಾಸು ನಿಯಮಗಳಲ್ಲೂ ಸೇರಿತು. ಮತ್ತೆ 2024ರ ಜೂನ್‌ನಲ್ಲಿ ಹಣಕಾಸು ಸಚಿವಾಲಯ ಇನ್ನೊಂದು ಸುತ್ತೋಲೆ ಹೊರಡಿಸಿ, ದೊಡ್ಡ ಗುತ್ತಿಗೆಗಳಲ್ಲಿ ಮಧ್ಯಸ್ಥಿಕೆಯ ಷರತ್ತನ್ನು ರೂಢಿಯಂತೆ ಸೇರಿಸಬೇಡಿ, ಅದು 10 ಕೋಟಿ ರೂಪಾಯಿಗಿಂತ ಕಡಿಮೆ ಮೊತ್ತದ ವ್ಯಾಜ್ಯಗಳಿಗೆ ಸೀಮಿತವಾಗಿರಲಿ ಎಂದು ಇಲಾಖೆಗಳಿಗೆ ಹೇಳಿತು. ಆ ಷರತ್ತಿಲ್ಲದ ದೊಡ್ಡ ಗುತ್ತಿಗೆಯಲ್ಲಿ ತಕರಾರು ಬಂದು ರಾಜಿಯಾಗದಿದ್ದರೆ ಬಾಕಿ ಕೇಳುವವನಿಗೆ ಉಳಿಯುವುದು, ಸ್ಟ್ರಾಂಗ್ ತಂದೆ-ಮಗ ಹಿಡಿದ ಕೋರ್ಟಿನ ದಾರಿಯೇ.